ಮನಸ್ಸಾಕ್ಷಿಯ ಬಾಕಿ: ಲೆಕ್ಕ ಹಿಡಿದು ತೀರಿಸುವ ಕ್ರಮ

ನಮ್ಮ ಕಾಸರಗೋಡು ಸೀಮೆಯಲ್ಲಿ ಕೊಟ್ಟ ಹಣ ಹಿಂದಕ್ಕೆ ಬಾರದಿದ್ದಾಗ, ಪಾಲುಪಟ್ಟಿಯಲ್ಲಿ ಮೋಸವಾಯಿತೆಂಬ ಅನುಮಾನ ಬಲಿತಾಗ, ಹಿರಿಯರು ಕುಳಿತು ಪಂಚಾಯತಿಕೆ ಮಾಡಿಯೂ ಇತ್ಯರ್ಥವಾಗದಿದ್ದಾಗ ಕೊನೆಗೆ ಬರುವ ಮಾತೊಂದಿದೆ: "ಹಾಗಾದರೆ ಕಾನತ್ತೂರಿಗೆ ಹೋಗೋಣ." ಕಾನತ್ತೂರಿನ ನಾಲ್ವರ್ ದೈವಸ್ಥಾನದಲ್ಲಿ ವಾದಿ ಪ್ರತಿವಾದಿಗಳಿಬ್ಬರೂ ದೈವದ ಮುಂದೆ ನಿಂತು ಸತ್ಯ ಹೇಳಬೇಕು. ಕಾಗದವಿಲ್ಲದ, ಸಾಕ್ಷಿಯಿಲ್ಲದ ವ್ಯವಹಾರಗಳೆಲ್ಲ ಅಲ್ಲಿಗೆ ಹೋಗುತ್ತವೆ. ಆ ಊರಿನ ಹೆಸರು ಕಿವಿಗೆ ಬಿದ್ದೊಡನೆ, ಇನ್ನೂ ಬಸ್ಸು ಹತ್ತುವ ಮೊದಲೇ, ರಾಜಿಗೆ ಬಂದವರ ಕಥೆಗಳನ್ನು ನಮ್ಮಲ್ಲಿ ಕೇಳದವರಿಲ್ಲ. ದೈವವನ್ನು ನಂಬುವುದು ಬಿಡುವುದು ಅವರವರಿಗೆ ಸೇರಿದ್ದು. ನನ್ನ ಕುತೂಹಲ ಬೇರೆ. ಹತ್ತಾರು ವರ್ಷ ಸುಳ್ಳೊಂದನ್ನು ಸಲೀಸಾಗಿ ಹೊತ್ತು ತಿರುಗಿದ ಮನುಷ್ಯನಿಗೆ ಒಂದು ತಾರೀಕು, ಒಂದು ಜಾಗ, ಎದುರಿಗೆ ಒಬ್ಬ ಮನುಷ್ಯ ಎಂದು ನಿಗದಿಯಾದ ಕೂಡಲೇ ಅದೇ ಸುಳ್ಳು ಹೊರಲಾರದ ಹೊರೆಯಾಗುವುದೇಕೆ? ನನಗೆ ತೋರುವ ಉತ್ತರವಿಷ್ಟೆ: ಮನಸ್ಸಾಕ್ಷಿ ಅವನೊಳಗೆ ಮೊದಲಿನಿಂದಲೂ ಇತ್ತು, ಅದಕ್ಕೆ ವಾಯಿದೆ ಇರಲಿಲ್ಲ.

ದೈವಸ್ಥಾನದ ತನಕ ಹೋಗದೆ, ಮನೆಯ ಜಗಲಿಯಲ್ಲೇ ಕುಳಿತು ಆ ವಾಯಿದೆಯನ್ನು ತನಗೆ ತಾನೇ ಹಾಕಿಕೊಳ್ಳುವ ಕ್ರಮವನ್ನು ಇಲ್ಲಿ ಬರೆಯುತ್ತಿದ್ದೇನೆ. ನಾನು ಅಡಿಕೆ ಕೃಷಿಕ, ಧರ್ಮಶಾಸ್ತ್ರ ಓದಿದವನಲ್ಲ. ಆದ್ದರಿಂದ ಇದರಲ್ಲಿ ಉಪದೇಶಕ್ಕಿಂತ ಲೆಕ್ಕಾಚಾರ ಹೆಚ್ಚು ಕಂಡರೆ ಓದುಗರು ಆಶ್ಚರ್ಯಪಡಬೇಕಾಗಿಲ್ಲ.

ಅಳುಕು ಯಾವ ಬಗೆಯದೆಂದು ಮೊದಲು ನೋಡಿ

ಮನಸ್ಸಿನೊಳಗಿನ ಎಲ್ಲ ಇರಿಸುಮುರಿಸೂ ಮನಸ್ಸಾಕ್ಷಿಯದ್ದಲ್ಲ. ಮದುವೆಮನೆಯಲ್ಲಿ ಯಾರೋ ಮಾತನಾಡಿಸದೆ ಹೋದರು ಎಂದು ರಾತ್ರಿಯಿಡೀ ಹೊರಳಾಡುವುದು ಅಭಿಮಾನದ ನೋವು. ಬ್ಯಾಂಕಿನಿಂದ ಕಾಗದ ಬಂದೀತೆಂದು ಎದೆ ಹೊಡೆದುಕೊಳ್ಳುವುದು ಭಯ. ಜನ ಏನೆಂದುಕೊಂಡಾರು ಎನ್ನುವುದು ನಾಚಿಕೆ. ಇವೆಲ್ಲ ಒಂದೇ ಬಟ್ಟೆ ತೊಟ್ಟು ಬರುವುದರಿಂದ ಗುರುತು ಹಿಡಿಯುವುದು ಕಷ್ಟ. ಅದರಲ್ಲಿಯೂ ನಾಚಿಕೆಯು ಮನಸ್ಸಾಕ್ಷಿಯ ವೇಷ ಹಾಕುವುದರಲ್ಲಿ ಬಹಳ ನಿಪುಣ. ಕುಂಬಳಕಾಯಿ ಕಳ್ಳನೆಂದರೆ ಹೆಗಲು ಮುಟ್ಟಿ ನೋಡಿಕೊಂಡವನ ಗಾದೆಯನ್ನು ನಾವು ಮನಸ್ಸಾಕ್ಷಿಗೆ ಉದಾಹರಣೆಯಾಗಿ ಹೇಳುತ್ತೇವಷ್ಟೆ? ವಾಸ್ತವದಲ್ಲಿ ಅವನು ಮುಟ್ಟಿ ನೋಡಿಕೊಂಡದ್ದು ಬೂದಿ ಅಂಟಿದೆಯೋ ಎಂದು. ಕುಂಬಳಕಾಯಿಯ ಯಜಮಾನನ ನೆನಪು ಅವನಿಗೆ ಆ ಹೊತ್ತಿನಲ್ಲಿಯೂ ಬಂದಿರಲಾರದು.

ಪರೀಕ್ಷೆ ಸರಳವಾಗಿದೆ. ಈ ಸಂಗತಿ ಯಾರಿಗೂ ಎಂದೆಂದಿಗೂ ತಿಳಿಯುವುದಿಲ್ಲವೆಂದು ಖಾತ್ರಿಯಾದರೆ ನನ್ನ ಅಳುಕು ಉಳಿಯುತ್ತದೆಯೇ ಎಂದು ಕೇಳಿಕೊಳ್ಳಿ. ಇಳಿದುಹೋದರೆ ಅದು ನಾಚಿಕೆ ಅಥವಾ ಭಯ. ಅದಕ್ಕೆ ಮದ್ದು ಬೇರೆ. ಉಳಿದರೆ ಮುಂದಿನ ಪ್ರಶ್ನೆಗೆ ಹೋಗಿ: ಯಾರಿಗೆ, ಏನು, ಯಾವಾಗ, ಎಷ್ಟು? ಭಯವು ಅಂದಾಜಿನ ಭಾಷೆಯಲ್ಲಿ ಮಾತನಾಡುತ್ತದೆ, "ನಾನು ಎಲ್ಲದರಲ್ಲಿಯೂ ಹಾಳು" ಎನ್ನುತ್ತದೆ. ಮನಸ್ಸಾಕ್ಷಿ ಹಾಗಲ್ಲ. ಅದು "ಕಳೆದ ತುಲಾಮಾಸದಲ್ಲಿ, ಇಂಥವರಿಗೆ, ಇಂತಿಷ್ಟು" ಎಂದು ಒಕ್ಕಣೆ ಸಮೇತ ಹೇಳುತ್ತದೆ. ನಿಮ್ಮ ಸಂಕಟಕ್ಕೆ ಈ ನಾಲ್ಕು ಪ್ರಶ್ನೆಗಳಲ್ಲಿ ಎರಡಕ್ಕಾದರೂ ಉತ್ತರ ದೊರೆಯದಿದ್ದರೆ ಯಾರ ಬಳಿಯೂ ಹೋಗಿ ತಪ್ಪೊಪ್ಪಿಗೆ ಮಾಡಬೇಡಿ; ನಿಮಗೆ ಬೇಕಾಗಿರುವುದು ವಿಶ್ರಾಂತಿಯೋ, ಗೆಳೆಯನ ಜತೆ ಮಾತೋ, ಕೆಲವೊಮ್ಮೆ ವೈದ್ಯರ ಸಲಹೆಯೋ ಆಗಿರಬಹುದು.

ಪುಸ್ತಕದಲ್ಲಿ ಬರೆಯಿರಿ

ಎರಡನೆಯ ಹೆಜ್ಜೆ ಬರವಣಿಗೆ. ಇದನ್ನು ವಿವರವಾಗಿ ಹೇಳಬೇಕಾಗಿದೆ, ಏಕೆಂದರೆ ನಾನು ಪಾಠ ಕಲಿತದ್ದು ಇಲ್ಲಿಯೇ.

ಕೆಲವು ವರ್ಷಗಳ ಹಿಂದೆ ನಮ್ಮಲ್ಲಿ ಒಣಗಿದ ಚಾಲಿ ಅಡಿಕೆ ಸುಲಿಯುವುದಕ್ಕೆ ನೆರೆಯ ಹೆಂಗಸೊಬ್ಬರು ಬರುತ್ತಿದ್ದರು. ಕೂಲಿ ದಿನದ ಲೆಕ್ಕದಲ್ಲಲ್ಲ. ಸುಲಿದ ಅಡಿಕೆಯ ತೂಕದ ಮೇಲೆ, ಆಗಿನ ದರ ಕಿಲೋಗೆ 8 ರೂಪಾಯಿ. ಸಂಜೆ ಅಡಿಕೆಯನ್ನು ಬುಟ್ಟಿಯಲ್ಲಿ ತುಂಬಿ ತೂಗುವುದು, ಬುಟ್ಟಿಯ ತೂಕವೆಂದು 2 ಕಿಲೋ ಕಳೆಯುವುದು, ಉಳಿದದ್ದನ್ನು ಪುಸ್ತಕದಲ್ಲಿ ಬರೆಯುವುದು, ಇದು ತಂದೆಯವರ ಕಾಲದಿಂದಲೂ ನಡೆದುಬಂದ ಕ್ರಮ. ತಂದೆಯವರ ಕಾಲದಲ್ಲಿದ್ದದ್ದು ಬೆತ್ತದ ಬುಟ್ಟಿ. ಅದು ಮುರಿದ ಬಳಿಕ ಪೇಟೆಯಿಂದ ಪ್ಲಾಸ್ಟಿಕ್ ಬುಟ್ಟಿ ಬಂತು. ಕಳೆಯುವ 2 ಕಿಲೋ ಮಾತ್ರ ಬದಲಾಗಲಿಲ್ಲ. ಒಂದು ಸಂಜೆ ಮಗಳು ಬೆಕ್ಕಿನ ಮರಿಯನ್ನು ಆ ಬುಟ್ಟಿಯಲ್ಲಿ ಕೂರಿಸಿ, ತೂಕದ ಯಂತ್ರದ ಮೇಲಿಟ್ಟು, "ಒಂದು ಕಿಲೋ ಎಂಟುನೂರು" ಎಂದು ಕೂಗಿದಳು. ಬುಟ್ಟಿಯೂ ಬೆಕ್ಕೂ ಸೇರಿ ನಾನು ಬರಿ ಬುಟ್ಟಿಗೆಂದು ಕಳೆಯುತ್ತಿದ್ದ ತೂಕಕ್ಕಿಂತ ಕಡಿಮೆ! ಮಗಳು ಒಳಗೆ ಹೋದ ಮೇಲೆ ನಾನು ಖಾಲಿ ಬುಟ್ಟಿಯನ್ನು ತೂಗಿ ನೋಡಿದೆ. 1 ಕಿಲೋ 250 ಗ್ರಾಂ. ಪ್ರತಿ ಬುಟ್ಟಿಗೆ ಮುಕ್ಕಾಲು ಕಿಲೋದ ಕೂಲಿ ಆ ಹೆಂಗಸಿಗೆ ಸೇರದೆ ಉಳಿದಿತ್ತು.

ಅಲ್ಲಿಯವರೆಗೆ ನಡೆದದ್ದು ಅಜಾಗರೂಕತೆ. ಮರುದಿನವೇ ಹೇಳಿದ್ದರೆ ಅಷ್ಟಕ್ಕೆ ಮುಗಿಯುತ್ತಿತ್ತು. ನಾನು ಮೂರು ವಾರ ಸುಮ್ಮನಿದ್ದೆ, ಮತ್ತು ಆ ಮೂರು ವಾರಗಳಲ್ಲಿ ಮನಸ್ಸು ಒದಗಿಸಿಕೊಟ್ಟ ಸಮಾಧಾನಗಳನ್ನು ಇಂದಿಗೂ ಮರೆತಿಲ್ಲ. ಮಧ್ಯಾಹ್ನದ ಊಟ ನಮ್ಮಲ್ಲೇ ಅಲ್ಲವೇ? ಅರೆಬರೆ ಸುಲಿದ ಅಡಿಕೆಯನ್ನೂ ನಾನು ತೂಕಕ್ಕೆ ಹಿಡಿದಿಲ್ಲವೇ? ಬಿಸು ಹಬ್ಬಕ್ಕೆ ಒಂದು ಒಳ್ಳೆಯ ಸೀರೆ ತಂದುಕೊಟ್ಟರಾಯಿತು. ಈ ಕೊನೆಯದರ ಬಗ್ಗೆ ಓದುಗರು ವಿಶೇಷ ಎಚ್ಚರ ವಹಿಸಬೇಕು. ಸೀರೆ ಕೊಟ್ಟರೆ ನಾನು ಕೊಡುವವನು, ಅವರು ಪಡೆಯುವವರು. ಬಾಕಿ ಕೊಟ್ಟರೆ ನಾನು ಸಾಲಗಾರ, ಅವರು ಧಣಿ. ಸಾಲವನ್ನು ದಾನವೆಂದು ಕೊಟ್ಟು ತೀರಿಸಲು ನೋಡುವುದು ಎರಡನೆಯ ಮೋಸ, ಮತ್ತು ಅದು ಮೊದಲನೆಯದಕ್ಕಿಂತ ನಾಜೂಕಾದದ್ದು.

ಕೊನೆಗೆ ಒಂದು ರಾತ್ರಿ ಕೂಲಿಯ ಪುಸ್ತಕ ತೆರೆದು ಬುಟ್ಟಿಗಳನ್ನು ಎಣಿಸಿದೆ. ಆ ಹಂಗಾಮಿನಲ್ಲಿ 64 ಬುಟ್ಟಿ. ಮುಕ್ಕಾಲು ಕಿಲೋದಂತೆ 48 ಕಿಲೋ. 8 ರೂಪಾಯಿಯಂತೆ 384 ರೂಪಾಯಿ. ಮೂರು ವಾರ ನಿದ್ದೆ ಕೆಡಿಸಿದ ಪಾಪದ ಮೊತ್ತ ಅಷ್ಟೇ! ಸಂಖ್ಯೆಯನ್ನು ನೋಡಿದೊಡನೆ ಎರಡು ಸಂಗತಿಗಳು ಒಟ್ಟಿಗೇ ಆದವು. ಭಯ ಅರ್ಧಕ್ಕರ್ಧ ಇಳಿಯಿತು, ನಾಚಿಕೆ ಇಮ್ಮಡಿಯಾಯಿತು. ಬರೆಯುವುದರ ಪ್ರಯೋಜನ ಇದು. ಬರೆಯದ ತಪ್ಪು ಮನಸ್ಸಿನೊಳಗೆ ಕುಳಿತು ಗುಡ್ಡದಷ್ಟಾಗುತ್ತದೆ, ಗುಡ್ಡವನ್ನು ಯಾರೂ ಹೊತ್ತು ಸಾಗಿಸಲಾರರು ಎಂದು ನಾವು ಕೈಚೆಲ್ಲುತ್ತೇವೆ. ಬರೆದಾಗ ಅದು ಹೊರಬಹುದಾದ ಒಂದು ಮೂಟೆಯಾಗಿ ಎದುರಿಗೆ ನಿಲ್ಲುತ್ತದೆ. ಹಣದ ತಪ್ಪಲ್ಲದಿದ್ದರೂ ಹೀಗೆಯೇ ಬರೆಯಿರಿ. ಆಡಿದ ಮಾತಾದರೆ ಆಡಿದ ಶಬ್ದಗಳನ್ನೇ ಬರೆಯಿರಿ, "ಬೇಸರವಾಗುವಂತೆ ಮಾತನಾಡಿದೆ" ಎಂದು ಸಾರಾಂಶ ಬರೆಯಬೇಡಿ. ಸಾರಾಂಶದಲ್ಲಿ ನಮಗೆ ಬೇಕಾದಷ್ಟು ತೇಪೆ ಹಾಕುವ ಜಾಗವಿರುತ್ತದೆ. ಬರೆದುದರ ಕೆಳಗೆ ತಾರೀಕೊಂದನ್ನು ಹಾಕಿ, ಬಂದ ಭಾನುವಾರವೋ ಸಂಕ್ರಮಣವೋ, ಏಳು ದಿನ ಮೀರದಂತೆ.

ಮರುದಿನ ಸಂಜೆ ಹಣ ಮತ್ತು ಪುಸ್ತಕ ಹಿಡಿದು ಅಂಗಳಕ್ಕಿಳಿದೆ. ಆಕೆ ಸೆರಗಿನಲ್ಲಿ ಕೈ ಒರೆಸಿಕೊಂಡು, ನಾನು ಹೇಳಿದ್ದನ್ನೆಲ್ಲ ಕೇಳಿ, "ಎನ್ನ ಕೈಕ್ ಗೊತ್ತಿತ್ತ್ಂಡ್ ಅಣ್ಣೆರೆ" ಎಂದರು. ನನ್ನ ಕೈಗೆ ಗೊತ್ತಿತ್ತು ಎಂದು. ದಿನಾಲೂ ಬುಟ್ಟಿ ಎತ್ತುವ ಕೈಗೆ ತೂಕದ ಯಂತ್ರ ಬೇಕೇ? ಹಣ ಎಣಿಸಿ ಎಲೆಯಡಿಕೆಯ ಚೀಲದೊಳಗೆ ಇಟ್ಟುಕೊಂಡ ಮೇಲೆ, ಕಳೆದ ವರ್ಷವೂ ಇದೇ ಬುಟ್ಟಿಯಲ್ಲವೇ ಎಂದು ಬಹಳ ಮೆತ್ತಗೆ ಕೇಳಿದರು.

ಹೌದು, ಬುಟ್ಟಿ ತಂದು ಎರಡು ವರ್ಷವಾಗಿತ್ತು. ಅಷ್ಟು ಪ್ರಾಮಾಣಿಕವಾಗಿ ರಾತ್ರಿ ಕುಳಿತು ಬರೆದ ಲೆಕ್ಕದಲ್ಲಿ ನಾನು ಹಿಂದಿನ ಹಂಗಾಮನ್ನು ಬಿಟ್ಟಿದ್ದೆ, ಮತ್ತು ಬಿಟ್ಟಿದ್ದೇನೆಂದು ನನಗೆ ಗೊತ್ತೂ ಇರಲಿಲ್ಲ. ಆ ವರ್ಷದ ಪುಸ್ತಕ ಸಿಗದ ಕಾರಣ ಬುಟ್ಟಿಗಳ ಸಂಖ್ಯೆಯನ್ನು ಅವರೇ ಹೇಳಲಿ ಎಂದೆ. ಅವರು ಹೇಳಿದ್ದಕ್ಕೆ ಎದುರು ಮಾತಾಡದೆ ಕೊಟ್ಟೆ. ಆದ್ದರಿಂದ ಈ ಹೆಜ್ಜೆಗೆ ಒಂದು ಉಪಹೆಜ್ಜೆಯಿದೆ: ನೀವು ಬರೆದ ಲೆಕ್ಕವನ್ನು ಬಾಕಿ ಸಲ್ಲಬೇಕಾದವರಿಗೆ ತೋರಿಸದೆ ಮುಚ್ಚಬೇಡಿ. ಎಷ್ಟೇ ಸಾಚಾ ಮನುಷ್ಯನಾದರೂ ತನ್ನ ತಪ್ಪಿನ ಲೆಕ್ಕ ಬರೆಯುವಾಗ ತಕ್ಕಡಿ ತನ್ನ ಕಡೆಗೆ ಸ್ವಲ್ಪ ವಾಲುತ್ತದೆ. ದಾಖಲೆಯಿಲ್ಲದ ಭಾಗದ ಮೊತ್ತವನ್ನು ಎದುರಿನವರು ಹೇಳಲಿ.

ವಾಕ್ಯವನ್ನು ಮೊದಲೇ ಕಟ್ಟಿಟ್ಟುಕೊಳ್ಳಿ

ಧೈರ್ಯ ಕೈಕೊಡುವುದು ಹೆಚ್ಚಾಗಿ ಬಾಗಿಲು ತಟ್ಟುವಾಗಲ್ಲ, ಕುಡಿಯಲು ನೀರು ಬೆಲ್ಲ ತಂದಿಟ್ಟ ಬಳಿಕ. ಮಳೆಯ ವಿಷಯ, ಅಡಿಕೆಯ ಧಾರಣೆ, ಮಕ್ಕಳ ಓದು ಎಂದು ಮಾತು ಹರಿದು, ಬಂದ ಕೆಲಸ ಹೇಳದೆ ಎದ್ದು ಬರುವಂತಾಗುತ್ತದೆ. ಆದ್ದರಿಂದ ಮೊದಲ ವಾಕ್ಯವನ್ನು ಮನೆಯಲ್ಲೇ ಕಟ್ಟಿಕೊಂಡು ಹೋಗಿ, ನೀರು ಬರುವ ಮೊದಲೇ ಹೇಳಿಬಿಡಿ.

ಆ ವಾಕ್ಯ ಹೇಗಿರಬೇಕು? ನಮ್ಮ ಭಾಷೆಯಲ್ಲಿ ಈ ಸಂದರ್ಭಕ್ಕೆ ಮೂರು ಮಾತುಗಳಿವೆ. "ಕ್ಷಮಿಸಿ" ಎಂಬುದು ಬಂದ ಕೂಡಲೇ ಎದುರಿನವರಿಗೆ ಕೆಲಸ ಹಚ್ಚುವ ಮಾತು. ಅನ್ಯಾಯ ಅನುಭವಿಸಿದವರೇ ಈಗ ದೊಡ್ಡ ಮನಸ್ಸನ್ನೂ ಮಾಡಬೇಕು. "ತಪ್ಪಾಯ್ತು" ಎಂಬುದು ದಿನಬಳಕೆಯ ಮಾತು, ಕೇಳಲು ಹಿತವಾದದ್ದು, ಆದರೆ ಅದರಲ್ಲಿ ಕರ್ತೃವಿಲ್ಲ. ಮಳೆಯಾಯ್ತು, ಬೆಳಗಾಯ್ತು ಎಂಬಂತೆ ತಪ್ಪೂ ತನ್ನಷ್ಟಕ್ಕೆ ಆಯ್ತು. "ನಾನು ತಪ್ಪು ಮಾಡಿದೆ" ಎಂಬುದರಲ್ಲಿ ಮಾತ್ರ ಮಾಡಿದವನು ನಿಂತಿದ್ದಾನೆ. ವ್ಯಾಕರಣದ ಮೇಷ್ಟ್ರುಗಳು ಕರ್ತೃ, ಕರ್ಮ, ಕ್ರಿಯಾಪದ ಎಂದು ಹಲಗೆಯಲ್ಲಿ ಬರೆಸಿದ್ದು ನೀತಿಪಾಠದ ಅವಧಿಯಲ್ಲಿ ಆಗಿರಲಿಲ್ಲ, ಆದರೂ ಈ ವಿಷಯದಲ್ಲಿ ಅದಕ್ಕಿಂತ ಒಳ್ಳೆಯ ಪಾಠ ನನಗೆ ಬೇರೆ ಸಿಕ್ಕಿಲ್ಲ. "ನಾನು ನಿಮ್ಮ ಇಷ್ಟು ಕೂಲಿಯನ್ನು ಕಡಿಮೆ ಕೊಟ್ಟಿದ್ದೇನೆ. ಮೂರು ವಾರದಿಂದ ಗೊತ್ತಿದ್ದೂ ಹೇಳಲಿಲ್ಲ. ಇದು ಅದರ ಹಣ." ಕರ್ತೃವಿದೆ, ಕರ್ಮವಿದೆ, ಕ್ರಿಯೆಯಿದೆ, ಮೊತ್ತವೂ ಇದೆ. ಈ ಮೂರು ವಾಕ್ಯಗಳ ಬಳಿಕ ನಾಲಿಗೆಗೆ "ಆದರೆ" ಬಂದರೆ ನುಂಗಿಕೊಳ್ಳಿ. ವಿವರಣೆ ಕೇಳಿದರೆ ಕೊಡಿ, ಕೇಳದಿದ್ದರೆ ಬೇಡ.

ಕ್ಷಮೆ ದೊರೆಯುತ್ತದೆಂದು ಲೆಕ್ಕ ಹಾಕಿಕೊಂಡು ಹೋಗಬಾರದು. ಕೆಲವರು ಗದರುತ್ತಾರೆ, ಕೆಲವರು ಊರೆಲ್ಲ ಹೇಳುತ್ತಾರೆ, ಕೆಲವರು ನಕ್ಕು ತಳ್ಳಿಹಾಕುತ್ತಾರೆ. ಮೂರೂ ಅವರ ಹಕ್ಕು.

ಹೇಳಬಾರದ ಸಂದರ್ಭವೂ ಉಂಟು

ಹೇಳಿಬಿಟ್ಟರೆ ಹಗುರಾದೀತೆಂಬ ಆಸೆಯೊಂದೇ ಕಾರಣವಾಗಿದ್ದರೆ ತಡೆಯಿರಿ. ತೀರಿಕೊಂಡವರ ಹಳೆಯ ಗುಟ್ಟನ್ನು ಅವರ ಮಕ್ಕಳ ಮುಂದೆ ಬಿಚ್ಚುವುದು, ಮೂರನೆಯವರ ಮಾನಕ್ಕೆ ಸಂಬಂಧಿಸಿದ್ದನ್ನು ತನ್ನ ತಪ್ಪೊಪ್ಪಿಗೆಯ ಹೆಸರಿನಲ್ಲಿ ಹೊರಹಾಕುವುದು, ಇದೆಲ್ಲ ನಮ್ಮ ಹೊರೆಯನ್ನು ಇನ್ನೊಬ್ಬರ ತಲೆಗೆ ದಾಟಿಸುವ ಉಪಾಯ. ಬಾಕಿಯನ್ನು ಬಾಯಿ ಬಿಡದೆಯೂ ತೀರಿಸಬಹುದಾದ ದಾರಿಗಳಿದ್ದರೆ ಅದನ್ನೇ ಹಿಡಿಯಿರಿ.

ತಪ್ಪು ನಮ್ಮದಲ್ಲ, ಕಣ್ಣೆದುರು ನಡೆಯುತ್ತಿದೆ ಎಂದಾದರೆ

ಇಲ್ಲಿ ಹೆಜ್ಜೆಗಳು ಬದಲಾಗುತ್ತವೆ. ಸ್ವಂತ ತಪ್ಪಿಗೆ ಬೇಕಾದದ್ದು ಒಂದು ಸಂಜೆಯ ಧೈರ್ಯ. ಇನ್ನೊಬ್ಬರ ತಪ್ಪನ್ನು ಎತ್ತಿ ಹೇಳುವುದಕ್ಕೆ ವರ್ಷಗಟ್ಟಲೆ ತಾಳುವ ಧೈರ್ಯ ಬೇಕು. ಇದಕ್ಕೆ ಉದಾಹರಣೆ ಹುಡುಕಿಕೊಂಡು ನಾವು ದೂರ ಹೋಗಬೇಕಾಗಿಲ್ಲ.

1970ರ ದಶಕದ ಕೊನೆಯ ಹೊತ್ತಿಗೆ ಆರಂಭವಾಗಿ ಸುಮಾರು ಎರಡು ದಶಕಗಳ ಕಾಲ ಈ ಜಿಲ್ಲೆಯ ಗೇರುತೋಟಗಳ ಮೇಲೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಎಂಬ ಕೀಟನಾಶಕವನ್ನು ಸಿಂಪಡಿಸಲಾಯಿತು. ಗುಡ್ಡದ ತಲೆಯಲ್ಲಿ ತೋಟ, ತಪ್ಪಲಿನಲ್ಲಿ ಮನೆ, ನೀರೆಂದರೆ ಗುಡ್ಡಕ್ಕೆ ಅಡ್ಡಲಾಗಿ ಕೊರೆದ ಸುರಂಗ, ತೋಡು ಮತ್ತು ಬಾವಿ. ಎಣ್ಮಕಜೆ ಪಂಚಾಯತಿನ ಪಡ್ರೆಯಲ್ಲಿ ವಿಕಲಾಂಗ ಕರುಗಳು ಹುಟ್ಟುತ್ತಿರುವುದನ್ನು ಕಂಡು ಪತ್ರಕರ್ತ ಶ್ರೀ ಪಡ್ರೆಯವರು 1980ರ ದಶಕದ ಆರಂಭದಲ್ಲೇ ಬರೆದರು. ವಾಣಿನಗರದಲ್ಲಿ ಚಿಕಿತ್ಸಾಲಯ ನಡೆಸುತ್ತಿದ್ದ ಡಾ. ಮೋಹನ ಕುಮಾರರು ತಮ್ಮ ಬಳಿ ಬರುವ ರೋಗಿಗಳಲ್ಲಿ ಇಷ್ಟು ಚಿಕ್ಕ ಊರಿಗೆ ಸಲ್ಲದಷ್ಟು ಪ್ರಮಾಣದ ಕಾಯಿಲೆಗಳಿರುವುದನ್ನು ಗಮನಿಸಿ, ಯಾವ ಮನೆ, ಯಾವ ಕಾಯಿಲೆ ಎಂದು ಗುರುತು ಹಾಕಿಕೊಳ್ಳತೊಡಗಿದರು. ಪೆರಿಯದಲ್ಲಿ ನೆಲೆಸಿದ್ದ ಲೀಲಾಕುಮಾರಿ ಅಮ್ಮ ಕೃಷಿ ಇಲಾಖೆಯ ಸಾಮಾನ್ಯ ಉದ್ಯೋಗಿ. ತೋಟಗಳು ಸರಕಾರಿ ನಿಗಮದವು. ಸರಕಾರದ ಸಂಬಳ ಪಡೆಯುತ್ತ ಸರಕಾರಿ ನಿಗಮದ ವಿರುದ್ಧ 1998ರಲ್ಲಿ ಅವರು ಇದೇ ಜಿಲ್ಲೆಯ ಹೊಸದುರ್ಗದ ಮುನ್ಸಿಫ್ ನ್ಯಾಯಾಲಯಕ್ಕೆ ಹೋದರು. 2000ದ ಕೊನೆಯ ಹೊತ್ತಿಗೆ ಆಕಾಶದಿಂದ ಸಿಂಪಡಿಸುವುದು ನಿಂತಿತು. ಸುಪ್ರೀಂ ಕೋರ್ಟು ದೇಶದಾದ್ಯಂತ ಈ ವಿಷವನ್ನು ತಡೆದದ್ದು 2011ರ ಮೇ ತಿಂಗಳಲ್ಲಿ. ಸಂತ್ರಸ್ತರಿಗೆ ತಲಾ 5 ಲಕ್ಷ ರೂಪಾಯಿ ಕೊಡಬೇಕೆಂದು ಅದೇ ನ್ಯಾಯಾಲಯ ಹೇಳಿದ್ದು 2017ರ ಜನವರಿಯಲ್ಲಿ.

ಈ ವರ್ಷಗಳನ್ನು ಒಂದರ ಕೆಳಗೊಂದು ಬರೆದು ನೋಡಿ. ಮೊದಲ ಬರಹಕ್ಕೂ ನಿಷೇಧಕ್ಕೂ ನಡುವೆ ಸುಮಾರು ಮೂವತ್ತು ವರ್ಷ. ಈ ಮೂವರಲ್ಲಿ ನನಗೆ ಮುಖ್ಯವಾಗಿ ಕಾಣುವುದು ಅವರ ಆರ್ಭಟವಲ್ಲ, ಅವರು ಹಿಡಿದ ತುದಿ. ಪತ್ರಕರ್ತರು ತಾವು ಕಂಡ ಕರುವಿನಿಂದ ಹೊರಟರು, ವೈದ್ಯರು ತಮ್ಮ ಮುಂದೆ ಕುಳಿತ ರೋಗಿಯಿಂದ, ಲೀಲಾಕುಮಾರಿ ಅಮ್ಮ ತಮ್ಮ ಮನೆಯ ಮಾಡಿನ ಮೇಲೆ ಹಾರಿದ ಹೆಲಿಕಾಪ್ಟರಿನಿಂದ. ತಾನು ಸ್ವತಃ ಕಂಡದ್ದೆಷ್ಟೋ ಅಷ್ಟನ್ನು ಗಟ್ಟಿಯಾಗಿ ಹಿಡಿದವರನ್ನು ಅಲ್ಲಾಡಿಸುವುದು ಕಷ್ಟ. ನೀವೂ ಹಾಗೆಯೇ ಮಾಡಿ. ಪುಟದ ನಡುವೆ ಗೆರೆ ಎಳೆದು, ಎಡಕ್ಕೆ ಕಣ್ಣಾರೆ ಕಂಡದ್ದು, ಬಲಕ್ಕೆ ಕೇಳಿದ್ದು ಎಂದು ಬರೆಯಿರಿ. ಸಭೆಯಲ್ಲಿ ಎದ್ದು ನಿಂತಾಗ ಎಡಭಾಗವನ್ನು ಮಾತ್ರ ಓದಿ. ಬಲಭಾಗದಿಂದ ಒಂದೇ ಒಂದು ವಾಕ್ಯ ಬಾಯಿಗೆ ಬಂದರೂ ಎದುರಿನವರು ಅದೊಂದನ್ನೇ ಹಿಡಿದು ಜಗ್ಗುತ್ತಾರೆ, ಎಡಭಾಗದಲ್ಲಿದ್ದ ಹತ್ತು ಸತ್ಯಗಳೂ ಅದರೊಡನೆ ಉರುಳಿಬೀಳುತ್ತವೆ.

ಖರ್ಚಿನ ಪಟ್ಟಿ

ಇದನ್ನು ಬರೆಯದೆ ಹೊರಡಬೇಡಿ. ನಮ್ಮ ಊರುಗಳು ಚಿಕ್ಕವು. ಸೊಸೈಟಿಯ ಕಾರ್ಯದರ್ಶಿ ಹೆಂಡತಿಯ ಕಡೆಯ ನೆಂಟ, ಪಂಚಾಯತು ಸದಸ್ಯರು ಮಗನ ಸಹಪಾಠಿಯ ತಂದೆ, ದೇವಸ್ಥಾನ ಸಮಿತಿಯ ಅಧ್ಯಕ್ಷರ ತೋಟದ ಮೂಲಕವೇ ನಮ್ಮ ಮನೆಯ ದಾರಿ. ಪಟ್ಟಣದಲ್ಲಿ ಒಬ್ಬನನ್ನು ಎದುರು ಹಾಕಿಕೊಂಡರೆ ಒಬ್ಬನ ಮುನಿಸು. ಇಲ್ಲಿ ಒಂದು ಮದುವೆಯ ಕರೆಯೋಲೆಯೇ ತಪ್ಪೀತು. ಆದ್ದರಿಂದ ಮೂರು ಸಾಲು ಬರೆಯಿರಿ: ನಾನು ಏನನ್ನು ಕಳೆದುಕೊಳ್ಳಬಹುದು, ನನ್ನ ಮನೆಯವರು ಏನನ್ನು ಕಳೆದುಕೊಳ್ಳಬಹುದು, ಸುಮ್ಮನಿದ್ದರೆ ಯಾರು ಏನನ್ನು ಕಳೆದುಕೊಳ್ಳುತ್ತಾರೆ. ಎರಡನೆಯ ಸಾಲನ್ನು ಮನೆಯವರಿಗೆ ಓದಿ ಹೇಳಿ, ಅವರ ಒಪ್ಪಿಗೆ ಪಡೆಯಿರಿ. ಗಂಡಸರು ಹೊರಗೆ ಧೀರರೆನಿಸಿಕೊಂಡು ಅದರ ಸುಂಕವನ್ನು ಮನೆಯ ಹೆಂಗಸರಿಂದ ಕಟ್ಟಿಸುವುದನ್ನು ನಾನು ಸಾಕಷ್ಟು ನೋಡಿದ್ದೇನೆ. ಮೂರನೆಯ ಸಾಲು ಉಳಿದೆರಡಕ್ಕಿಂತ ಹಗುರವಾಗಿ ಕಂಡರೆ ಆ ವಿಷಯವನ್ನು ಸದ್ಯಕ್ಕೆ ಬಿಡುವುದು ಹೇಡಿತನವಲ್ಲ. ಮನುಷ್ಯನ ಶಕ್ತಿಗೂ ಮಿತಿಯಿದೆ.

ಗೆಲುವನ್ನು ಈ ಪಟ್ಟಿಯ ಲಾಭದ ಕಡೆ ಬರೆಯಬೇಡಿ. 1956ರ ನವೆಂಬರ್ 1ರಂದು ಕಾಸರಗೋಡು ಕೇರಳಕ್ಕೆ ಸೇರಿದ ಬಳಿಕವೂ ಅದು ಕರ್ನಾಟಕಕ್ಕೆ ಸೇರಬೇಕೆಂದು ಜೀವಮಾನವಿಡೀ ಹೇಳುತ್ತ ಬಂದ ಕವಿ ಕಯ್ಯಾರ ಕಿಞ್ಞಣ್ಣ ರೈಗಳು 2015ರಲ್ಲಿ ನೂರು ವರ್ಷ ತುಂಬಿ ತೀರಿಕೊಂಡಾಗ ಗಡಿ ಇದ್ದಲ್ಲೇ ಇತ್ತು. ಅವರ ಬೇಡಿಕೆಯ ಬಗ್ಗೆ ಯಾರ ಅಭಿಪ್ರಾಯ ಏನೇ ಇರಲಿ, ಫಲ ಕಾಣದೆಯೂ ಅಷ್ಟು ವರ್ಷ ಒಂದೇ ಮಾತನ್ನು ಆಡುವುದಕ್ಕೆ ಬೇಕಾದದ್ದು ಯಾವ ಬಗೆಯ ಧೈರ್ಯವೆಂದು ಯೋಚಿಸಿದರೆ, ನಾವು ಒಂದು ಅರ್ಜಿಗೆ ಉತ್ತರ ಬರಲಿಲ್ಲವೆಂದು ಸೋಲೊಪ್ಪುವುದು ಸ್ವಲ್ಪ ಬೇಗವೆನಿಸುತ್ತದೆ.

ಹೇಳುವ ಜಾಗ

ಮೊದಲು ಸಂಬಂಧಪಟ್ಟ ವ್ಯಕ್ತಿಗೆ, ಒಬ್ಬರೇ ಇರುವಾಗ, ಪ್ರಶ್ನೆಯ ರೂಪದಲ್ಲಿ. "ಈ ರಶೀದಿ ಪುಸ್ತಕದ ಲೆಕ್ಕ ಎಲ್ಲಿದೆ?" ಎಂಬುದು ಪ್ರಶ್ನೆ, "ಲೆಕ್ಕ ನುಂಗಿದ್ದೀರಿ" ಎಂಬುದು ಆರೋಪ. ಪ್ರಶ್ನೆಗೆ ಉತ್ತರ ಬಂದರೆ ನಿಮ್ಮ ಕೆಲಸ ಅಲ್ಲಿಗೇ ಮುಗಿಯಬಹುದು. ಬಾರದಿದ್ದರೆ ಎರಡನೆಯ ಬಾರಿ ಬರಹದಲ್ಲಿ ಕೇಳಿ, ಪ್ರತಿಯೊಂದನ್ನು ಇಟ್ಟುಕೊಳ್ಳಿ. ಆ ಮೇಲೆ ಸಭೆ.

ಪಂಚಾಯತಿಗೆ ಸಂಬಂಧಿಸಿದ ವಿಷಯವಾದರೆ ವಾರ್ಡಿನ ಗ್ರಾಮಸಭೆಯಿದೆ. ಕೇರಳದ 1994ರ ಪಂಚಾಯತ್ ರಾಜ್ ಕಾಯಿದೆಯ ಪ್ರಕಾರ ಅದು ಮೂರು ತಿಂಗಳಿಗೆ ಒಮ್ಮೆಯಾದರೂ ಸೇರಬೇಕು, ವಾರ್ಡಿನ ಮತದಾರರಲ್ಲಿ ಹತ್ತರಲ್ಲೊಂದು ಪಾಲು ಹಾಜರಿರಬೇಕು. ಅಲ್ಲಿ ನಮ್ಮವರು ಬಾಯಿ ಬಿಡದಿರುವುದಕ್ಕೆ ಹೇಳುವ ಕಾರಣ ಒಂದೇ, "ನನಗೆ ಮಲಯಾಳ ಸರಿಯಾಗಿ ಬಾರದು." ಮೀನಿನ ಚೌಕಾಶಿಗೆ, ಬಸ್ಸಿನಲ್ಲಿ ಜಗಳಕ್ಕೆ ಸಾಲುವ ಮಲಯಾಳ ಗ್ರಾಮಸಭೆಗೆ ಮಾತ್ರ ಸಾಲದೆ ಹೋಗುವುದೇಕೆಂದು ನಾವು ಪ್ರಾಮಾಣಿಕವಾಗಿ ಕೇಳಿಕೊಳ್ಳಬೇಕು. ನಿಜವಾಗಿಯೂ ಬಾರದಿದ್ದರೆ ಕನ್ನಡದಲ್ಲಿಯೇ ಹೇಳಿ, ಕನ್ನಡದಲ್ಲಿಯೇ ಬರೆದುಕೊಡಿ. ಕೇರಳದ 1969ರ ಅಧಿಕೃತ ಭಾಷಾ ಕಾಯಿದೆ ಕನ್ನಡ ಭಾಷಾ ಅಲ್ಪಸಂಖ್ಯಾತರಿಗೆ ಸರಕಾರದೊಡನೆ ತಮ್ಮ ಭಾಷೆಯಲ್ಲಿ ಪತ್ರವ್ಯವಹಾರ ನಡೆಸುವ ಅವಕಾಶ ಕೊಟ್ಟಿದೆ. ದಾಖಲೆ ಬೇಕಾದರೆ 2005ರ ಮಾಹಿತಿ ಹಕ್ಕು ಕಾಯಿದೆ ಇದೆ. 10 ರೂಪಾಯಿ ಶುಲ್ಕ, 30 ದಿನಗಳ ಗಡುವು. ಮನಸ್ಸಾಕ್ಷಿಗೆ ನಾವು ಹಾಕಿಕೊಳ್ಳಬೇಕಾದ ವಾಯಿದೆಯನ್ನು ಕಚೇರಿಗೆ ಕಾನೂನೇ ಹಾಕಿಕೊಟ್ಟಿದೆ, ಅದನ್ನು ಬಳಸಿಕೊಳ್ಳುವುದಷ್ಟೇ ಉಳಿದಿರುವುದು.

ಒಬ್ಬರೇ ಎದ್ದು ನಿಲ್ಲಬೇಡಿ. ನಿಮ್ಮ ಮಾತು ಮುಗಿದ ಕೂಡಲೇ "ನನಗೂ ಅದೇ ಸಂಶಯವಿದೆ" ಎನ್ನುವ ಒಬ್ಬರನ್ನು ಮೊದಲೇ ಗೊತ್ತುಮಾಡಿಕೊಳ್ಳಿ. ಸಭೆಯ ಬಳಿಕ ಹೊರಗೆ ಬಂದು ಬೆನ್ನು ತಟ್ಟುವವರು ಹತ್ತು ಮಂದಿ ಸಿಗುತ್ತಾರೆ, ಅವರನ್ನು ನಂಬಿ ಯಾವ ಸಭೆಗೂ ಹೋಗಬಾರದು.

ನಿಮ್ಮದೇ ತಪ್ಪೆಂದು ತಿಳಿದಾಗ

ಈ ಕೊನೆಯ ಹೆಜ್ಜೆಯನ್ನು ಯಾರೂ ಹೇಳಿಕೊಡುವುದಿಲ್ಲ. ಮನಸ್ಸಾಕ್ಷಿಗೂ ತಪ್ಪು ಮಾಹಿತಿ ಸಿಗುತ್ತದೆ. ಆಗ ಅದು ಅಷ್ಟೇ ಆವೇಶದಿಂದ ಅನ್ಯಾಯ ಮಾಡುತ್ತದೆ, ಮತ್ತು ತಾನು ಸತ್ಯದ ಪರ ನಿಂತಿದ್ದೇನೆಂಬ ಹೆಮ್ಮೆಯಿಂದಾಗಿ ಹಿಂದಕ್ಕೆ ಸರಿಯುವುದು ಕಳ್ಳನಿಗಿಂತಲೂ ಅದಕ್ಕೆ ಕಷ್ಟವಾಗುತ್ತದೆ.

ನಮ್ಮ ಊರಿನ ದೇವಸ್ಥಾನದ ಬ್ರಹ್ಮಕಲಶೋತ್ಸವ ಮುಗಿದ ಬಳಿಕದ ಸಭೆಯಲ್ಲಿ ಒಂದು ರಶೀದಿ ಪುಸ್ತಕದ ಲೆಕ್ಕ ಸೇರಿಲ್ಲವೆಂದು ನಾನು ಎದ್ದು ಹೇಳಿದೆ. ಬುಟ್ಟಿಯ ಪ್ರಕರಣದ ಬಳಿಕ ಲೆಕ್ಕದ ವಿಷಯದಲ್ಲಿ ನನ್ನ ಮೇಲೆ ನನಗೆ ಸ್ವಲ್ಪ ಹೆಚ್ಚೇ ವಿಶ್ವಾಸ ಬಂದಿತ್ತು. ಮೇಲೆ ಬರೆದ ಕ್ರಮದಲ್ಲಿ ಮೊದಲನೆಯದನ್ನೇ, ಒಬ್ಬರೇ ಇರುವಾಗ ಕೇಳುವುದನ್ನೇ, ಬಿಟ್ಟಿದ್ದೆ. ಖಜಾಂಚಿಯವರು ನನಗಿಂತ ಇಪ್ಪತ್ತು ವರ್ಷ ಹಿರಿಯರು. ಅವರು ಏನೂ ಹೇಳದೆ ಶಾಲು ಹೆಗಲಿಗೆ ಹಾಕಿಕೊಂಡು ಎದ್ದು ಹೋದರು. ನಾಲ್ಕು ದಿನಗಳ ನಂತರ ತಿಳಿದ ಸಂಗತಿಯೆಂದರೆ, ಆ ಪುಸ್ತಕ ಮುದ್ರಣದಲ್ಲೇ ಸಂಖ್ಯೆ ತಪ್ಪಿ ಬಂದುದರಿಂದ ಅದನ್ನು ಬಳಸದೆ ರದ್ದುಮಾಡಿದ್ದರು, ಹಾಗೆಂದು ನಡಾವಳಿ ಪುಸ್ತಕದಲ್ಲಿ ಬರೆದೂ ಇತ್ತು. ನಾನು ಆ ಪುಟವನ್ನು ನೋಡಿರಲಿಲ್ಲ.

ಅವರ ಮನೆಗೆ ಹೋಗಿ ಹೇಳುವುದು ಸುಲಭವಿತ್ತು, ಅದನ್ನು ಆ ಸಂಜೆಯೇ ಮಾಡಿದೆ. ಆದರೆ ಆರೋಪ ಮಾಡಿದ್ದು ಎಪ್ಪತ್ತು ಎಂಬತ್ತು ಜನರ ಮುಂದೆ. ಯಾವ ಜಾಗದಲ್ಲಿ ಮಾತು ಆಡಿದೆವೋ ಅದೇ ಜಾಗದಲ್ಲಿ, ಅಷ್ಟೇ ಗಟ್ಟಿಯಾದ ದನಿಯಲ್ಲಿ ಅದನ್ನು ಹಿಂದಕ್ಕೆ ಪಡೆಯಬೇಕು. ಸಭೆಯಲ್ಲಿ ಕೂಗಿ ಹೇಳಿದ್ದನ್ನು ಜಗಲಿಯಲ್ಲಿ ಪಿಸುಗುಟ್ಟಿ ಸರಿಪಡಿಸಲಾಗುವುದಿಲ್ಲ. ಮುಂದಿನ ಸಭೆಗೆ ಎರಡು ತಿಂಗಳಿತ್ತು. ಆ ಎರಡು ತಿಂಗಳೂ ಕಟ್ಟಿಟ್ಟುಕೊಂಡ ವಾಕ್ಯವನ್ನು ತೋಟಕ್ಕೆ ನೀರು ಬಿಡುವಾಗ ಹೇಳಿ ಹೇಳಿ ಅಭ್ಯಾಸ ಮಾಡಿದೆ. ಸಭೆಯಲ್ಲಿ ಎದ್ದು, ನಾನು ನಡಾವಳಿ ಪುಸ್ತಕವನ್ನು ಓದದೆ ಇವರ ಮೇಲೆ ಸುಳ್ಳು ಆರೋಪ ಮಾಡಿದೆ, ಇದನ್ನು ಇಂದಿನ ನಡಾವಳಿಯಲ್ಲಿ ಬರೆದುಕೊಳ್ಳಬೇಕು ಎಂದೆ. ಯಾರೋ ಹಿಂದಿನಿಂದ ನಕ್ಕರು. ಖಜಾಂಚಿಯವರು ಬರೆಯುತ್ತಿದ್ದ ಕೈಯನ್ನು ನಿಲ್ಲಿಸಿ, ಕನ್ನಡಕದ ಮೇಲಿನಿಂದ ನನ್ನನ್ನು ನೋಡಿ, "ಬಪ್ಪ ವರ್ಷದ ಲೆಕ್ಕ ನೀನೇ ಬರೆ ಭಾವ" ಎಂದರು. ಬರುವ ವರ್ಷದ ಲೆಕ್ಕ ಎಂದು.

ಇದು ಶಿಕ್ಷೆಯೋ ಮರ್ಯಾದೆಯೋ ಎಂದು ಅವರೂ ಹೇಳಲಿಲ್ಲ, ನಾನೂ ಕೇಳಲಿಲ್ಲ. ಅಂದಿನಿಂದ ಆ ಪುಸ್ತಕ ನನ್ನ ಬಳಿಯಿದೆ. ಮೊದಲ ಪುಟದಲ್ಲೇ ಕೂಡಿಸುವುದರಲ್ಲಿ ಒಂದು ತಪ್ಪಾಗಿತ್ತು. ಬಿಳಿ ಬಣ್ಣ ಹಚ್ಚಿ ಮುಚ್ಚದೆ, ಕೆಂಪು ಗೆರೆ ಎಳೆದು, ಪಕ್ಕದಲ್ಲಿ ಸರಿಯಾದ ಮೊತ್ತ ಬರೆದು ಸಹಿ ಹಾಕಿದ್ದೇನೆ.